ಮೂಲೆ ಹೊಲಿಯದ ಕೌದಿ

ಸಾಂಬ್ರಾಣಿ,
ಬುಧವಾರ, ೧೨ ನವೆಂಬರ್ ೨೦೨೫

ಮಗಳೇ ರೀಟಾ,

ಅತ್ತೆಯ ಪ್ರೀತಿಯ ಹಾರೈಕೆಗಳು. ಮೊಣಕಾಲು ನೋವು ಹೇಗಿದೆ? ಮುಂಡಗೋಡದಲ್ಲಿ ಅಕ್ಕನ ಮನೆಯಲ್ಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಅಲ್ಲಿಯೂ ಯಾರದೋ ಜಗಳ ಬಿಡಿಸಲು ಹೋಗಿ ಬರೀ ಚಹಾದ ಮೇಲೆ ದಿನ ಕಳೆಯುತ್ತಿದ್ದೀಯೋ? ಫೋನು ಬಂದ್ ಮಾಡಿಟ್ಟಿದ್ದೀ. ನಿನ್ನ ಗಂಡ, ನನ್ನ ಮಗ ಕಾಯತಾನ, ನಿನಗೆ ಫೋನು ಹಚ್ಚಿ ಹಚ್ಚಿ ಸಾಕಾಗಿ, 'ಅಕಿ ಸಿಟ್ಟ ಇಳದ ಮ್ಯಾಲ ತಾನ ಬರ್ತಾಳ ಬಿಡವಾ' ಎಂದು ರಾತ್ರಿ ಮಲಗಿಬಿಟ್ಟ. ಗಂಡಸರಿಗೆ ನಿದ್ದೆ ಎಲ್ಲಿಂದ ಬರುತ್ತದೋ ತಿಳಿಯದು. ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎದ್ದೆದ್ದು ಬಾಗಿಲಿಗೆ ಹೋಗಿ ಬಂದೆ. ಪಕ್ಕದ ಮನೆಯ ರೂಪಾಲಿ ಮಧ್ಯಾಹ್ನದ ಬಸ್ಸಿಗೆ ಮುಂಡಗೋಡಕ್ಕೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಈ ಕಾಗದ ಕಳಿಸುತ್ತೇನೆ.

ಹೋದ ಭಾನುವಾರ ನೀನು ಮಾಡಿದ್ದು ನನಗೆ ಇನ್ನೂ ಅರಗಿಲ್ಲ. ನೀಲಂಳ ಗಂಡ ಸತ್ತು ವರ್ಷ ತುಂಬಿಲ್ಲ, ಅವರಿಬ್ಬರೂ ಕೂಡಿ ಉತ್ತ ಗದ್ದೆಗೆ ಮೈದುನ ಬೇಲಿ ಹಾಕಿದ. ಮಾತು ಸಮಾಜದ ಸಭೆಗೆ ಬಂತು. ಅಲ್ಲಿ ಒಳಗೆ ಕೂತ ಗಂಡಸರಷ್ಟೇ ಮಾತಾಡುವುದು, ಹೆಂಗಸರು ಗೋಡೆಯಾಚೆ ನಿಂತು ಕೇಳುವುದು. ನಾನು ಸೊಸೆಯಾಗಿ ಬಂದಾಗಿನಿಂದ ಹಾಗೆಯೇ. ಹೆಂಗಸರನ್ನೂ ಒಳಗೆ ಕೂರಿಸುತ್ತೇನೆಂದು ನೀನು ಹೊರಟೆ, ನಾನೇನು ಬೇಡ ಅಂದೆನೇ? ಆದರೆ ಹಾಸುವುದಕ್ಕೆ ಹಗ್ಗದ ಮೇಲಿದ್ದ ನನ್ನ ಹೊಸ ಕೌದಿಯನ್ನೇ ಎಳೆದುಕೊಂಡು ಹೋಗಬೇಕಿತ್ತೇ? ಅದರ ಮೂಲೆಗಳಿಗೆ ನಾನಿನ್ನೂ ಫೂಲಾ ಹೊಲಿದಿರಲಿಲ್ಲ. ನಾಲ್ಕು ಮೂಲೆಗೂ ಆ ಮಡಿಚಿದ ಬಟ್ಟೆಯ ಹೂವಿಲ್ಲದಿದ್ದರೆ ನಮ್ಮ ಸಿದ್ದಿಯರು ಕೌದಿಯನ್ನು ಬತ್ತಲೆ ಅನ್ನುತ್ತಾರೆ, ಕೂಸಿನ ಕೆಳಗೂ ಹಾಸುವುದಿಲ್ಲ. ಕಾನೂನೆಲ್ಲ ಬಾಯಿಪಾಠ ಇರುವವಳಿಗೆ ಇದೊಂದು ಮರೆತುಹೋಯಿತೇ? ಸಭೆಯ ಹಿರಿಯ ಡೇವಿಡ್‌ಗೆ ಅಷ್ಟೇ ಸಾಕಾಯಿತು. 'ಮದಲ ಕೌದಿ ಪೂರಾ ಮಾಡ್ಕೊಂಡ ಬರ್ರಿ, ಆಮ್ಯಾಲ ಕೂತು ಮಾತಾಡೀರಂತ' ಎಂದು ನಕ್ಕ, ಎಲ್ಲರೂ ನಕ್ಕರು. ನೀಲಂ ಕೌದಿಯ ಮೇಲಿಂದ ಎದ್ದು ಬಂದು ಗೋಡೆಯಾಚೆ ನನ್ನ ಪಕ್ಕ ನಿಂತಳು. ನೀನು ಕೌದಿಯನ್ನು ನನ್ನ ಕೈಗೆ ತುರುಕಿ, 'ಇನ್ನ ಈ ಊರ ಉಸಾಬರಿ ನನಗ ಬ್ಯಾಡ' ಎಂದು ಬಸ್ಸು ಹತ್ತಿದೆ.

ಬೇಡವಂತೆ. ಹಕ್ಕುಪತ್ರದಲ್ಲಿ ಹೆಂಡತಿಯ ಹೆಸರೂ ಇರಬೇಕೆಂದು ಹಳಿಯಾಳ, ಜೋಯಿಡಾ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದವಳು ನೀನು. ಅಣಶಿ ಕಡೆಯಿಂದಲೂ ಹೆಂಗಸರು 'ರೀಟಾಕ್ಕ ಅದಾರೇನ್ರಿ' ಎಂದು ಕೇಳಿಕೊಂಡು ಬರುತ್ತಿದ್ದರು. ಅವರಿಗೆಲ್ಲ ಗಂಜಿ ಬೇಯಿಸಿ ನನ್ನ ಸೊಂಟ ಬಿದ್ದುಹೋಗಿದೆ. ಬೈದಿದ್ದೇನೆ, ಇನ್ನೂ ಬೈಯುತ್ತೇನೆ, ಅತ್ತೆಯಾಗಿ ಅಷ್ಟೂ ಬೇಡವೇ? ಆದರೆ ಈಗ ನಮ್ಮ ಬಾಗಿಲಲ್ಲಿ ಯಾರೂ ಚಪ್ಪಲಿ ಬಿಡುತ್ತಿಲ್ಲ. ಮನೆ ಬಿಕೋ ಅನ್ನುತ್ತಿದೆ, ನನಗೆ ಸಂಕಟವಾಗುತ್ತಿದೆ. ನೀಲಂ ದಿನಾ ಬೇಲಿಯ ಹೊರಗೆ ನಿಂತು ತನ್ನ ಭತ್ತ ನೋಡಿ ಬರುತ್ತಾಳೆ. ಪೈರು ಕೊಯ್ಲಿಗೆ ಬಂದಿದೆ. ಈ ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಮತ್ತೆ ಸಭೆ. ಅಂದು ಗದ್ದೆ ಅವಳದೆಂದು ಆಗದಿದ್ದರೆ ಕುಡುಗೋಲು ಹಾಕುವವನು ಮೈದುನನೇ.

ಅಕ್ಕನಿಗೂ ಅವಳ ಮಕ್ಕಳಿಗೂ ಕೇಳಿದೆನೆಂದು ಹೇಳು. ದೇವಮಾತೆ ನಿನ್ನ ಮೊಣಕಾಲಿಗೆ ಬಲ ಕೊಡಲಿ, ಸಿಟ್ಟಿಗೂ ಕೊಡಲಿ.

ನಿನ್ನ ಅತ್ತೆ,
ಮಾಗ್ದಲೀನಾ

ತಾ.ಕ.: ರೂಪಾಲಿ ಬಂದು ಅವಸರ ಮಾಡುತ್ತಿದ್ದಾಳೆ. ನನ್ನ ಮದುವೆಯ ಸೀರೆಯ ಸೆರಗು ಕತ್ತರಿಸಿ ಕೌದಿಯ ಮೂರು ಮೂಲೆಗೆ ಫೂಲಾ ಹೊಲಿದಿದ್ದೇನೆ. ನಾಲ್ಕನೆಯದು ನಿನಗೆಂದು ಬಿಟ್ಟಿದ್ದು. ಶನಿವಾರ ಬಂದು ಹೊಲಿ. ಬರದಿದ್ದರೆ, ನೀಲಂಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಭೆಯ ನಡುವೆ ಕೌದಿ ಹಾಸಿ ನಾನೇ ಹೊಲಿಯುತ್ತೇನೆ. ಪೂರಾ ಮಾಡಿ ಬನ್ನಿ ಎಂದವನು ಡೇವಿಡ್, ಅವನ ಕಣ್ಣೆದುರೇ ಪೂರಾ ಆಗಲಿ. ಆಮೇಲೆ ಏನು ಮಾತಾಡಬೇಕೋ ನನಗೆ ಗೊತ್ತಿಲ್ಲ, ಅಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. ಆದರೂ ಕೂರುವವಳೇ.