ಸದ್ದು ಮಾಡುವ ಪಂಪ್

ಮಾರ್ಚ್ 4, ಬೆಳಿಗ್ಗೆ

ಮತ್ತೆ ಅಳೆದೆ. ಬಾತ್‌ರೂಮ್ ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ. ಕಮೋಡ್, ಬೇಸಿನ್, ಶವರ್... ಪಂಪ್ ಎಲ್ಲಿ ಕೂರಬೇಕು, ನನ್ನ ತಲೆ ಮೇಲಾ? ಟ್ಯಾಂಕ್ ತಾರಸಿಗೆ ಅಂಟಿಕೊಂಡೇ ಇದೆ, ಎತ್ತರ ಸಾಲದು. ಶವರಿನಲ್ಲಿ ನೀರು ನೂಲಿನ ಹಾಗೆ. ಶಾಂಪೂ ಹಾಕಿಕೊಂಡರೆ ಆಫೀಸಿಗೆ ಲೇಟು ಅಂತಲೇ ಅರ್ಥ. ವರ್ಷಗಟ್ಟಲೆ ಗೊಣಗಿದ್ದೆ. “ನೋಡೋಣ” ಅಂತಿದ್ದವರು ಈಗ ತಾವಾಗಿಯೇ “ಪಂಪ್ ಹಾಕಿಸಿಬಿಡೋಣ” ಅಂದಿದ್ದಾರೆ. ಏನಾಯ್ತೋ ಇವರಿಗೆ.

ಅದೇ ದಿನ, ಸಂಜೆ

ಪೈಪ್ ಮತ್ತೆ ಬಡೀತು. ಟಕ್, ಟಕ್. ಥೇಟ್ ಅತ್ತೆ.

ಕೊನೆಕೊನೆಗೆ ಕೂಗೋಕೆ ಉಸಿರು ಸಾಲ್ತಿರಲಿಲ್ಲ ಅವರಿಗೆ. ಸ್ನಾನ ಮುಗಿಸಿ, ಬಟ್ಟೆ ಹಾಕಿಕೊಂಡು, ಉಂಗುರದ ಬೆರಳಿಂದ ಪೈಪಿಗೆ ಹೀಗೇ ಬಡಿಯೋರು. ಇವರು ಎದ್ದು ಹೋಗಿ ಕೈ ಹಿಡಿದು ಕರೆತರೋರು. ಜನವರಿಯಲ್ಲಿ ಆಸ್ಪತ್ರೆಯಲ್ಲೇ ಹೋದರು ಅತ್ತೆ. ಇವರು ಒಂದು ಹನಿ ಕಣ್ಣೀರು ಹಾಕಲಿಲ್ಲ.

ಪೈಪ್ ಮೊದಲೂ ಬಡೀತಿತ್ತೋ ಏನೋ. ಆಗ ಯಾರು ಗಮನಿಸಿದ್ದರು? ನನಗೇನೂ ಭಯವಿಲ್ಲ. ಮನೇಲಿ ಇನ್ನೊಬ್ಬರು ಇದ್ದ ಹಾಗೆ. ಇವರು ಮಾತ್ರ ಟಿವಿ ಸೌಂಡ್ ಏರಿಸಿದರು.

ಮಾರ್ಚ್ 7

ಪ್ಲಂಬರ್ ಬಂದಿದ್ದ. ಬಾತ್‌ರೂಮಿನೊಳಗೆ ಪಂಪ್ ಬೇಡವಂತೆ, ನೀರು ಸಿಡಿಯುತ್ತೆ. ಹೊರಗಿನ ಸಜ್ಜದ ಮೇಲೆ ಕೂರಿಸ್ತಾನೆ. ಟ್ಯಾಂಕಿನಿಂದ ಪಂಪಿಗೆ ಒಂದು ಲೈನ್, ಅಲ್ಲಿಂದ ಶವರಿಗೆ ಒಂದು. ಕರೆಂಟ್ ಹೋದರೂ ನೀರು ಬರಲಿ ಅಂತ ಪಕ್ಕದಲ್ಲೇ, ಪಂಪಿಗೆ ಹೋಗದೆ ನೇರ ಶವರಿಗೆ ಇನ್ನೊಂದು. ಟೈಲ್ಸ್ ಮೇಲೆ ಪೆನ್ಸಿಲ್ ಗೆರೆ ಎಳೆದ.

ಬಡಿತದ ವಿಷಯ ಕೇಳಿದೆ.

“ಪೈಪ್ ಹಿಡಿಯೋ ಕ್ಲಾಂಪೇ ಇಲ್ಲ ಅಕ್ಕ, ಅಲ್ಲಾಡ್ತಾ ಗೋಡೆಗೆ ಹೊಡೀತಿದೆ. ಒಂದು ಹಾಕಿ ಬಿಗಿ ಮಾಡಿದ್ರೆ ಗಪ್‌ಚುಪ್.”

ಬೇಡ ಅನ್ನೋಕೆ ಬಾಯಿ ತೆರೆದೆ. ಏನಂತ ಹೇಳಲಿ?

ಹೋಗುವಾಗ ತಲೆ ಕೆರೆದುಕೊಂಡ. “ಎಲ್ಲರೂ ಸದ್ದಿಲ್ಲದ ಪಂಪ್ ಕೇಳ್ತಾರೆ. ನಿಮ್ಮ ಯಜಮಾನ್ರು ಫೋನ್ ಮಾಡಿ, ಜೋರಾಗಿ ಸದ್ದು ಮಾಡೋದೇ ತಗೊಂಡು ಬಾ ಅಂದ್ರು. ಇಂಥ ಗಿರಾಕಿ ನಾನು ನೋಡಿಲ್ಲಪ್ಪ.”

ಮಾರ್ಚ್ 8

ಇವರು ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಮುಗಿಸಿ ಬಂದರು. ತಲೆಗೂದಲು ಒದ್ದೆ. ಮೈಯೆಲ್ಲ ಮಸಿ ತೊಳೆಯೋ ಸೋಪಿನ ವಾಸನೆ.

“ಸ್ನಾನ ಅಲ್ಲೇ ಮಾಡ್ತಿದೀರಾ?”

ಚಪ್ಪಲಿ ಬಿಟ್ಟು ಒಳಗೆ ಬಂದರು.

“ಎಷ್ಟು ದಿನದಿಂದ ರೀ?”

“ಅಲ್ಲಿ ಮೆಷಿನ್ ಓಡ್ತಿರುತ್ತೆ. ಏನೂ ಕೇಳಿಸಲ್ಲ.” ಕುರ್ಚಿಯಲ್ಲಿ ಕೂತು — “ಪೈಪ್ ಬಡಿದ ಕೂಡಲೇ ನನ್ನ ಕಾಲು ತಾನಾಗಿ ಎದ್ದುಬಿಡುತ್ತೆ ಕಣೇ. ಎದ್ದು ನಿಂತಮೇಲೆ ಗೊತ್ತಾಗುತ್ತೆ, ಹೋಗೋಕೆ ಅಲ್ಲಿ ಯಾರೂ ಇಲ್ಲ ಅಂತ.”

ತಟ್ಟೆ ಹಾಕಿದೆ. ಇಬ್ಬರಿಗೂ ಸೇರಲಿಲ್ಲ.

ಮಾರ್ಚ್ 16

ಕೆಲಸ ಮುಗೀತು. ಕ್ಲಾಂಪ್ ಬಿಗಿಯಾಯ್ತು. ನಲ್ಲಿ ತಿರುಗಿಸಿದರೆ ಸಾಕು, ಪಂಪ್ ಶುರು, ಹಿಟ್ಟಿನ ಗಿರಣಿ ಹೊಕ್ಕ ಹಾಗೆ. ನೀರು ಬೆನ್ನಿಗೆ ಗುದ್ದುತ್ತೆ. ಇವರು ಇವತ್ತು ಮನೇಲೇ ಸ್ನಾನ ಮಾಡಿದರು.

ನಲ್ಲಿ ನಿಲ್ಲಿಸಿದ್ದೇ ತಡ, ಪಂಪೂ ನಿಂತಿತು. ಮನೆ ತುಂಬ ಮೌನ. ಊಟದ ಮಧ್ಯೆ ಇವರು ತಲೆಯೆತ್ತಿ ಕಿವಿಗೊಟ್ಟರು. ಏನೂ ಇಲ್ಲ. ಟಿವಿ ಹಾಕಲಿಲ್ಲ.

ಮಾರ್ಚ್ 29, ಭಾನುವಾರ ಮಧ್ಯಾಹ್ನ

ಬೆಳಿಗ್ಗೆಯಿಂದ ಹೊಸ ಕಾಟ. ಒಳಗೆ ಯಾರೂ ಇಲ್ಲದಿದ್ದರೂ ಪಂಪ್ ತಾನೇ ಶುರುವಾಗುತ್ತೆ. ಗುರ್ ಅಂತ ಸ್ವಲ್ಪ ಹೊತ್ತು, ಆಮೇಲೆ ಗಪ್. ಮೊದಲ ಸಲ ನನ್ನ ಕೈಲಿದ್ದ ಲೋಟ ಬಿತ್ತು.

ಪ್ಲಂಬರಿಗೆ ಫೋನ್ ಮಾಡಿದೆ. “ಎಲ್ಲೋ ಹನಿ ಸೋರ್ತಿದೆ ಅಕ್ಕ. ಪ್ರೆಶರ್ ಇಳಿದ್ರೆ ಪಂಪ್ ಎದ್ದುಬಿಡುತ್ತೆ. ನಾಳೆ ಬಂದು ಸರಿಮಾಡ್ತೀನಿ” ಅಂದ. ಇವರಿಗೆ ಹೇಳಿದೆ. ಪೇಪರಿನಿಂದ ಮುಖ ಎತ್ತದೆ, “ನಾಳೆ ಬೇಡ ಅನ್ನು” ಅಂದರು. ಮತ್ಯಾವಾಗ ಅಂದರೆ ಪುಟ ತಿರುಗಿಸಿದರು.

ಬರೀತಿರುವಾಗಲೇ ಮತ್ತೆ ಶುರುವಾಯ್ತು. ಇವರು ಎದ್ದರು. ಕೂತುಬಿಡ್ತಾರೆ ಅಂದುಕೊಂಡೆ. ಕೂರಲಿಲ್ಲ. ಹೋಗ್ತಿದ್ದಾರೆ. ಬಾತ್‌ರೂಮಿನ ಬಾಗಿಲಿಗೆ ಹಣೆ ಆನಿಸಿ ನಿಂತಿದ್ದಾರೆ. ಭುಜ ಅಲುಗ್ತಿದೆ. ಏನೋ ಹೇಳ್ತಿದ್ದಾರೆ... ಪಂಪಿನ ಸದ್ದಿಗೆ ಸರಿಯಾಗಿ ಕೇಳಿಸ್ತಿಲ್ಲ... “ಬಂದೆ ಅಮ್ಮಾ, ಅಲ್ಲೇ ಕೂತಿರು, ಎದ್ದುಗಿದ್ದು ಬಿದ್ದುಬಿಟ್ಟೀಯ —”