ಹೊಳೆಯ ಪಾಲು

ಮಂಗಫ್, ಕುವೈತ್
೨೬ ಏಪ್ರಿಲ್ ೨೦೨೫

ಪ್ರೀತಿಯ ತಮ್ಮ ಟ್ರೆವರ್,

ಅಮ್ಮನ ಮಂಡಿನೋವು ಹೇಗಿದೆ? ನಿನ್ನ ಹೆಂಡತಿ ಶರ್ಲಿನ್‌ಗೆ ಬಸುರಿನ ವಾಂತಿ ನಿಂತಿತೇ? ನೀನು ಹೇಗಿದ್ದೀ ಎಂದು ಕೇಳುವುದಿಲ್ಲ, ಚೆನ್ನಾಗಿಯೇ ಇರುತ್ತೀ. ನನ್ನ ಫೋನ್ ಮಾತ್ರ ನಿನ್ನ ಕಿವಿಗೆ ಬೀಳುವುದಿಲ್ಲ. ಅದಕ್ಕೇ ರಜೆಗೆ ಊರಿಗೆ ಬರುವ ಮಥಾಯಸ್ ಅಂಕಲ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಈಸ್ಟರ್ ದಿನ ನೀನು ಮನೆಯವರ ಗ್ರೂಪಿಗೆ ಹಾಕಿದ ಫೋಟೋ ನೋಡಿ ಹಬ್ಬದ ಸಾನ್ನಾ ತಟ್ಟೆಯಲ್ಲೇ ಬಿಟ್ಟು ನಿನಗೆ ಫೋನ್ ಮಾಡಿದೆ. ಹೊಳೆ ನಡುವಿನ ನಮ್ಮ ಕುದ್ರುವಿನ ತುದಿಯಲ್ಲಿ ಉಪ್ಪುನೀರಿನ ಕೆಸರಿಗೆ ಬೇರಿಳಿಸಿ ನಿಂತಿದ್ದ ಕಾಂಡ್ಲಾ ಕಾಡನ್ನೆಲ್ಲ ಬೋಳಿಸಿ ಮಣ್ಣು ತುಂಬಿಸಿದ್ದೀ. ಕೆಳಗೆ, "ಹೊಳೆ ಈಗ ಜಗಲಿಯಿಂದಲೇ ಕಾಣ್ತದೆ, ಹೋಮ್‌ಸ್ಟೇಗೆ ಬರುವವರಿಗೆ ಇದೇ ಬೇಕು" ಅಂತ ಬೇರೆ! ನಾಚಿಕೆಯಾಗಲಿಲ್ಲವೇ? ಅಪ್ಪನೂ ಚಿಕ್ಕಪ್ಪಂದಿರೂ ಕುದ್ರು ಹಂಚಿಕೊಂಡಾಗ ಮೊದಲು ಹಗ್ಗ ಹಿಡಿದು ಅಳೆದು ಆ ಕಾಡನ್ನು ಹೊಳೆಯ ಪಾಲೆಂದು ಬಿಟ್ಟರು, ಆಮೇಲೆ ತಮ್ಮ ಪಾಲು. ಅಲ್ಲಿ ಒಣಗಿ ಬಿದ್ದ ಕೊಂಬೆಯನ್ನೂ ಒಲೆಗೆ ತರುವಂತಿರಲಿಲ್ಲ. ಗಾಳಕ್ಕೆಂದು ನೀನು ಒಂದು ಕೋಲು ಮುರಿದು ತಂದಾಗ ಅಪ್ಪ ಊಟದಿಂದ ಎಬ್ಬಿಸಿ, ಅಲ್ಲೇ ಇಟ್ಟು ಬಾ ಎಂದು ಅಟ್ಟಿರಲಿಲ್ಲವೇ? ಫೋನಿನಲ್ಲಿ ಕೇಳಿದರೆ, "ಯಾರ ಪಾಲಿಗೂ ಬಾರದ ಜಾಗ ಅಲ್ವಾ ಅಕ್ಕ, ನಿನ್ನದೆಂಥ ಬೊಬ್ಬೆ?" ಎಂದು ಫೋನಿಟ್ಟವನು ಮತ್ತೆ ಎತ್ತಲೇ ಇಲ್ಲ. ಯಾರದ್ದೂ ಅಲ್ಲದ್ದು ನಿನ್ನದು ಎಂದು ಹೇಳಿದವರು ಯಾರು?

ನಿನ್ನೆ ಶುಕ್ರವಾರ ನಮ್ಮ ಕ್ಲಿನಿಕ್ಕಿನ ಸೌದಾ ಮೇಡಂ ನಮ್ಮನ್ನೆಲ್ಲ ಕಡಲಂಚಿಗೆ ಕರೆದೊಯ್ದರು. ಬೇಲಿ ಹಾಕಿ ಕಾಯ್ದಿಟ್ಟ ಕೆಸರು, ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಅಲ್ಲಿ ಏನು ನೆಟ್ಟೆವು ಗೊತ್ತೇ? ಕಾಂಡ್ಲಾ ಸಸಿ! ಮಳೆಯನ್ನೇ ಸರಿಯಾಗಿ ಕಾಣದ ಈ ಮರಳುಗಾಡಿನವರು ಒಂದೊಂದು ಸಸಿಯನ್ನೂ ಹಸುಗೂಸಿನಂತೆ ಹಿಡಿದಿದ್ದರು. ನಿಮ್ಮೂರಲ್ಲಿ ಇದು ಬೆಳೆಯುತ್ತದೆಯೇ ಎಂದು ಸೌದಾ ಕೇಳಿದರು. ನಮ್ಮ ಮನೆಯ ಹಿಂದೆಯೇ ಇದೆ ಎಂದು ಸುಳ್ಳು ಹೇಳಿ, ಕೆಸರಿನಲ್ಲಿ ನಿಂತು ಅತ್ತುಬಿಟ್ಟೆ. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನಿನ್ನನ್ನು ನೋಡಿಯೇ ಹುಟ್ಟಿರಬೇಕು. ನನಗೆ ನಿನ್ನ ಮೇಲೆ ಇನ್ನೂ ಸಿಟ್ಟು ಇಳಿದಿಲ್ಲ.

ಅಮ್ಮನಿಗೆ ಒಂದು ಮುತ್ತು. ಶರ್ಲಿನ್‌ಳ ಹೊಟ್ಟೆಯ ಕೂಸನ್ನು ದೇವರು ಕಾಯಲಿ, ಅದರ ಅಪ್ಪನಿಗೆ ಬುದ್ಧಿ ಕೊಡಲಿ.

ನಿನ್ನ ಅಕ್ಕ,
ವೈಲೆಟ್

ಮರೆತಿದ್ದೆ: ಅರಣ್ಯ ಇಲಾಖೆಗೆ ದೂರು ಕಳಿಸಿದ್ದೇನೆ, ನಿನ್ನದೇ ಫೋಟೋ ಜೊತೆಗಿಟ್ಟು. ಕಡಿದವನು ನನ್ನ ತಮ್ಮ ಎಂದೇ ಬರೆದಿದ್ದೇನೆ. ಬೇಕಾದರೆ ನನ್ನೊಡನೆ ಮಾತು ಬಿಡು. ಆದರೆ ಅಮ್ಮನ ಕೋಣೆಯ ಹಿಂದಿನ ದಡವನ್ನು ಹಿಡಿದಿದ್ದದ್ದು ಆ ಬೇರುಗಳೇ. ಮಳೆ ಹಿಡಿಯುವ ಮೊದಲು ಅವಳನ್ನೂ ಶರ್ಲಿನ್‌ಳನ್ನೂ ದೋಣಿ ಹತ್ತಿಸಿ ಆಚೆ ದಡಕ್ಕೆ ಕರೆದುಕೊಂಡು ಹೋಗು. ಈ ಸಲ ಹೊಳೆ ತನ್ನ ಪಾಲು ಕೇಳಲು ಮನೆಗೇ ಬರುತ್ತದೆ.