ಯಾವ ಬದಿಯ ಕಿಟಕಿ

ಬಿಳೂರ,
ಭಾನುವಾರ

ಪ್ರೀತಿಯ ಮೈದುನ ದತ್ತಾನಿಗೆ ಅತ್ತಿಗೆ ಮಂಗಲಳ ಆಶೀರ್ವಾದಗಳು.

ಫೋನು ಮಾಡಿದರೆ ಅತ್ತೆಯವರು ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಪತ್ರ. ನಿನ್ನ ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಮಂಗಳೂರಿಗೆ ಬರಲು ನೀನು ಎರಡು ರೈಲು ದಾರಿ ಹೇಳಿದ್ದೆ. ಮಿರಜಿನಿಂದ ಹೊರಟರೆ ದೂಧಸಾಗರದ ಜಲಪಾತ, ವಿಜಯಪುರದಿಂದ ಹೊರಟರೆ ಸಕಲೇಶಪುರದ ಘಟ್ಟ. ಎರಡೂ ನೋಡುವಂಥವೇ ಅಂದಿದ್ದೆ. ನಾನು ಮಿರಜಿನದೇ ಇರಲಿ ಎಂದೆ. ಕಾರಣ ನಿನಗೆ ಗೊತ್ತು. ಹಳಿಯ ಕೆಲಸಕ್ಕೆ ಹೋದ ನಿನ್ನ ಅಣ್ಣ ಗುಡ್ಡ ಕುಸಿದು ತೀರಿಕೊಂಡದ್ದು ಆ ಸಕಲೇಶಪುರದ ಘಟ್ಟದಲ್ಲೇ.

ನಿನ್ನೆ ಅತ್ತೆಯವರಿಗೆ ಮೊಬೈಲಿನಲ್ಲಿ ಜಲಪಾತ ತೋರಿಸಿದೆ. ಅವರು ನೋಡಲೇ ಇಲ್ಲ.

“ನನ್ನ ಮಗಾ ಅಮೋಗಸಿದ್ದ ಸತ್ತ ಜಾಗಾ ಯಾವ ದಾರ್ಯಾಗ ಬರತೈತಿ?” ಎಂದರು.

“ಬ್ಯಾಡ್ರಿ ಅತ್ತಿ, ನಿಮಗ ತಡಕೊಳ್ಳಾಕ ಆಗೂದಿಲ್ಲ.”

“ನನಗ ಆಗೂದಿಲ್ಲೋ, ನಿನಗ ಆಗೂದಿಲ್ಲೋ? ನೀ ಮಿರಜಿಗೆ ಹೋಗು. ನಾ ವಿಜಾಪೂರಕ್ಕ ಒಬ್ಬಾಕಿನ ಹೋಗ್ತೀನಿ.”

ಆಮೇಲೆ ಇಬ್ಬರೂ ಉಣ್ಣಲಿಲ್ಲ. ಇಂದು ಅವರು ತಾವೇ ಚೀಲ ತುಂಬಿಕೊಳ್ಳತೊಡಗಿದಾಗ ನಾನು ಒಪ್ಪಿದೆ.

ವಿಜಯಪುರದ ಗಾಡಿಗೇ ಟಿಕೆಟು ತೆಗೆಸು. ಘಟ್ಟ ಬೆಳಕಿನಲ್ಲಿ ಸಿಗಬೇಕು. ಅಂದು ಅಲ್ಲಿಗೆ ಹೋಗಿ ಬಂದವನು ನೀನೊಬ್ಬನೇ. ಆ ಜಾಗ ಎಡಕ್ಕೆ ಬರುತ್ತದೋ ಬಲಕ್ಕೋ ನೆನಪು ಮಾಡಿಕೊಂಡು, ಆ ಬದಿಯ ಕಿಟಕಿಯನ್ನು ಅತ್ತೆಯವರಿಗೆ ಕೊಡಿಸು. ನನಗೆ ಇನ್ನೊಂದು ಬದಿಯ ಸೀಟು ಕೇಳಬೇಕೆಂದೇ ಬರೆಯಲು ಕೂತಿದ್ದೆ. ಬೇಡ, ಅವರ ಪಕ್ಕದಲ್ಲೇ ಇರಲಿ.

ನಿನ್ನ ಅತ್ತಿಗೆ,
ಮಂಗಲ